ದೂಮಪ್ಪ ಶೆಟ್ಟರ ಹರಕೆ

ಪಾಣೆಮಂಗಳೂರಿನ ಜವಳಿ ಅಂಗಡಿಯ ದೂಮಪ್ಪ ಶೆಟ್ಟರ ಭಕ್ತಿ ನೇತ್ರಾವತಿಯ ನೀರಿನೊಂದಿಗೇ ಏರಿ ಇಳಿಯುತ್ತದೆಂದು ಹೆಂಡತಿ ವಿನೋದಾಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. “ಇಂಗ್ಲಿಷ್ ಕಲಿತು ಜನರಿಗೆ ದೇವರೇ ಬೇಡವಾಗಿದೆ ಮಾರಾಯ್ರೆ!” ಎಂದು ಗಿರಾಕಿಗಳೆದುರು ದೇಶಕ್ಕೆಲ್ಲ ಮರುಗುವ ಶೆಟ್ಟರು, ನೆರೆನೀರು ಅಂಗಡಿಯ ಮೆಟ್ಟಿಲಿಗೆ ಬಂದರೆ ಬೆಳ್ಳಿ ದೋಣಿಯ ಹರಕೆ ಹೇಳುವರು, ಮಳೆ ಬಿಟ್ಟರೆ ಅದನ್ನು ಒಂದು ತೆಂಗಿನಕಾಯಿಗೆ ಇಳಿಸುವರು, ಅಂಗಳ ಒಣಗಿದ ಮೇಲೆ ಅದೂ ಇಲ್ಲ. ವಿನೋದಾ ನೆನಪಿಸಿದರೆ, “ದೇವರಿಗೇನು ಅವಸರ ಉಂಟಾ?” ಎಂದು ಅವಳನ್ನೇ ಗದರುವರು. ಈ ಬೇಸಗೆಯಲ್ಲಿ ಮಗುವಿನ ಜ್ವರ ಡಾಕ್ಟರ ಮದ್ದಿಗೂ ಇಳಿಯದೆ ಮೂರು ದಿನವಾದಾಗ ಮಾತ್ರ ಶೆಟ್ಟರು ಅಂಗಡಿ ಮುಚ್ಚಿ ಬಂದು ತೊಟ್ಟಿಲ ಬಳಿ ಕೂತರು. ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ವಿನೋದಾ, “ಈ ಸಲ ಹರಕೆ ಇಲ್ವಾ?” ಎಂದು ಚುಚ್ಚಿದಳು. “ನೀನೇ ಹೇಳಿಕೋ,” ಎಂದರು ಶೆಟ್ಟರು ತಲೆಯೆತ್ತದೆ, “ನಾನು ಹೇಳಿದರೆ ದೇವರು ನಂಬಲಿಕ್ಕಿಲ್ಲ.”