ಕಾಲರಕ್ಕನ ತಪಾಸಣೆ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಿಯ ಕಾಲರ್ ಹೊಲಿದ ಅವಳನ್ನು ಎಲ್ಲರೂ ಕಾಲರಕ್ಕ ಎಂದೇ ಕರೆಯುತ್ತಿದ್ದರು. ಹೊಸ ಮೇಲ್ವಿಚಾರಕ ಬಂದವನೇ, ಅತಿ ಹೆಚ್ಚು ಹೊಲಿದವರ ಫೋಟೋವನ್ನು ಗೋಡೆಗೆ ಹಾಕುವ ಪದ್ಧತಿ ತಂದ. ಮೊದಲ ವಾರವೇ ಅವಳ ಫೋಟೋ ಗೋಡೆಯೇರಿತು; ಅವಳೂ ಒಳಗೊಳಗೇ ಉಬ್ಬಿದಳು. ಮರುದಿನ, ತಪಾಸಣೆಯಲ್ಲಿ ಪಾಸಾಗಿದ್ದ ತನ್ನದೇ ಕಾಲರುಗಳ ತುದಿ ಸೊಟ್ಟಗಿರುವುದು ಕಂಡು ಅವಳ ಮೈಯುರಿಯಿತು. ಇಡೀ ಕಟ್ಟನ್ನು ಎಳೆದುಕೊಂಡು ಹೊಲಿಗೆ ಬಿಚ್ಚತೊಡಗಿದಳು.

"ಏನಕ್ಕಾ, ತಲೆ ಕೆಟ್ಟಿದ್ಯಾ? ಪಾಸಾಗಿರೋದನ್ನ ಯಾರಾದ್ರೂ ಬಿಚ್ತಾರಾ?" ಎಂದು ಮೇಲ್ವಿಚಾರಕ ಗದರಿದ. "ಮೆಷಿನ್ನಿಂದ ಎಬ್ಬಿಸಿ ಗುಂಡಿ ಹಚ್ಚೋಕೆ ಹಾಕ್ತೀನಿ, ನೋಡಿ!"

"ಹಾಕಪ್ಪ, ಗುಂಡೀನೂ ನೆಟ್ಟಗೇ ಹಚ್ತೀನಿ. ನಿನ್ನ ಗೋಡೆ ಮೆಚ್ಚಲಿ ಅಂತ ಓಡಿದ್ದಕ್ಕೇ ಈ ಗತಿ. ಇದನ್ನ ನನ್ನ ಕಣ್ಣು ಪಾಸು ಮಾಡ್ಬೇಕಲ್ಲ!"

ಮರುದಿನ ಅವಳನ್ನು ಗುಂಡಿ ವಿಭಾಗಕ್ಕೆ ಕಳಿಸಿದರು. ಆದರೆ ಕಟ್ಟಿನ ಅರವತ್ತು ಕಾಲರುಗಳನ್ನೂ ಸರಿಪಡಿಸಿದ ಮೇಲೆಯೇ ಅವಳು ಮೆಷಿನ್ ಬಿಟ್ಟೆದ್ದದ್ದು.