ಅವ್ವನ ದನಿಗೆ ಖಂಡೇ ಪೂಜೆ

ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು ನಾನು. ಮನೆಯವರಿಗೂ ನನ್ನ ಪುಕ್ಕಟೆ ಪಾಠ ತಪ್ಪಿದ್ದಲ್ಲ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡಬೇಡಿ, ಲ್ಯಾಪ್‌ಟಾಪನ್ನು ಗಾದಿಯ ಮೇಲಿಟ್ಟು ಅದರ ಉಸಿರು ಕಟ್ಟಿಸಬೇಡಿ. ಎಲ್ಲಕ್ಕಿಂತ ಮುಖ್ಯ, ಬೇಕಾದದ್ದನ್ನು ಎರಡು ಪ್ರತಿ ಮಾಡಿ ಎರಡು ಜಾಗದಲ್ಲಿಡಿ. ಖಾನಾಪುರದ ಅಣ್ಣ ಕೈ ಮುಗಿಯುತ್ತಿದ್ದ. "ಸಾಕ ಮಾಡ ನಮ್ಮವ್ವಾ, ಹಬ್ಬಕ್ಕ ಬಂದೀ, ಹೋಳಿಗಿ ತಿನ್ನು."

ಅವ್ವನ ಗಂಟಲಿಗೆ ರೋಗ ಬಂದಾಗ ಆ ಪಾಠ ನನಗೇ ಬೇಕಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದರು ಬೆಳಗಾವಿಯ ಡಾಕ್ಟರು. ಆಪರೇಷನ್ನಿಗೆ ಮೊದಲು ನಾನು ರಜೆ ಹಾಕಿ ಖಾನಾಪುರದ ಪಡಸಾಲೆಯಲ್ಲಿ ಅವ್ವನನ್ನು ಕೂಡಿಸಿಕೊಂಡು ಮಾತಾಡಿಸಿದೆ, ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡಿದೆ. ತನ್ನ ಮದುವೆ, ಅಪ್ಪನ ಸಿಟ್ಟು, ಸಂತೆಯಲ್ಲಿ ಮರಾಠಿ ಬಾರದೆ ಬದನೆಕಾಯಿ ಬದಲು ಹಾಗಲಕಾಯಿ ತಂದದ್ದು. ನಕ್ಕು ನಕ್ಕು ಕೆಮ್ಮು ಬಂದು ನಿಲ್ಲಿಸುತ್ತಿದ್ದಳು.

ಒಂದು ಪ್ರತಿ ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಖಾನಾಪುರದಲ್ಲಿ, ಅಣ್ಣನ ಹೆಂಡತಿ ವೈನಿಯ ತಿಜೋರಿಯೊಳಗಿನ ಹಾರ್ಡ್ ಡಿಸ್ಕಿನಲ್ಲಿ. ಆನ್‌ಲೈನ್‌ನಲ್ಲಿ ಇಡುವುದು ಮಾತ್ರ ಬೇಡವೆಂದ ಅಣ್ಣ. "ಧ್ವನಿ ಕದ್ದು ಫೋನ್ ಮಾಡಿ ಮೋಸ ಮಾಡ್ತಾರಂತ ನೀನ ಹೇಳಿದ್ದಿ. ಅವ್ವನ ಧ್ವನಿ ಮಂದಿ ಕೈಯಾಗ ಯಾಕ ಕೊಡೂಣು?" ನನ್ನ ಮಾತನ್ನೇ ನನಗೆ ತಿರುಗಿಸಿದ್ದ, ಒಪ್ಪಿಕೊಂಡೆ.

ಅವ್ವ ಉಳಿದಳು, ದನಿ ಹೋಯಿತು. ಸಂಜೆಯಾದರೆ ವೈನಿ ಡಿಸ್ಕನ್ನು ಟಿವಿಗೆ ಜೋಡಿಸಿಕೊಡುವರು. ಅವ್ವ ಎದುರು ಕೂತು, ಕೊರಳಿನ ಮೇಲೆ ಕೈಯಿಟ್ಟುಕೊಂಡು ತನ್ನದೇ ಮಾತು ಕೇಳುವಳು. ಅದೊಂದು ಹೊತ್ತು ಅವಳ ಮುಖ ಮೊದಲಿನಂತಾಗುತ್ತಿತ್ತು.

ಮಹಾನವಮಿಗೆ ನಮ್ಮಲ್ಲಿ ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ದುಡಿಯುವ ವಸ್ತು ಎಲ್ಲಿದ್ದರೂ ಅವತ್ತು ಮೂಲಮನೆಯ ದೇವರ ಮುಂದೆ ಬರಬೇಕು. ಅಣ್ಣನ ನಟ್ಟು ಬಿಚ್ಚುವ ಪಾನಾ, ವೈನಿಯ ಹೊಲಿಗೆ ಮಷಿನ್, ಕುಡಗೋಲು, ಕೊಡಲಿ. ನಾನು ಲ್ಯಾಪ್‌ಟಾಪ್ ಒಯ್ದಿದ್ದೆ. ಹಿತ್ತಲಲ್ಲಿ ಚೆಂಡು ಹೂ ಹರಿದುಕೊಂಡು ಒಳಗೆ ಬರುವಷ್ಟರಲ್ಲಿ ಪೂಜೆ ಶುರುವಾಗಿ ಹೋಗಿತ್ತು. ವೈನಿ ತಿಜೋರಿ ತೆರೆದು ಡಿಸ್ಕನ್ನೂ ತಂದು ಲ್ಯಾಪ್‌ಟಾಪಿನ ಮೇಲಿಟ್ಟು, ವಿಭೂತಿ ಹಚ್ಚಿ, ಕುಡಗೋಲಿಗೆ ಹಾಕಿದ ಹಾಗೆಯೇ ಚರಿಗೆಯ ಅರಿಶಿನ ನೀರು ಹಾಕಿದ್ದರು. ಅಣ್ಣ ಗಾಬರಿಯಾಗಿ ಎರಡನ್ನೂ ಧೋತರದ ಚುಂಗಿನಿಂದ ಒರೆಸಿ, ಕೆಟ್ಟಿದೆಯೋ ಏನೋ ನೋಡಲಿಕ್ಕೆಂದು ಒಂದರ ಗುಂಡಿ ಒತ್ತಿ ಇನ್ನೊಂದನ್ನು ಟಿವಿಗೆ ಚುಚ್ಚಿದ್ದ. ನೀರು ಬಿದ್ದ ಯಂತ್ರಕ್ಕೆ ಕರೆಂಟು ಕೊಡಬಾರದು! ಅದೊಂದು ಮಾತು ನನ್ನ ಪಾಠದಲ್ಲಿ ಬಂದಿರಲಿಲ್ಲ. ಸುಟ್ಟ ವಾಸನೆ ಪಡಸಾಲೆಯ ತುಂಬ ಇತ್ತು.

"ಬುದ್ಧಿ ಐತೇನ್ರಿ ವೈನಿ ನಿಮಗ? ಇದೇನ ಕೊಡಲಿ ಅಂತ ತಿಳದೀರೇನ?" ಎಂದು ಕೂಗಿಬಿಟ್ಟೆ.

"ಆಯೀಚಾ ಆವಾಜ್ ಆಹೇ ನಾ ತ್ಯಾತ್," ಎಂದರು ವೈನಿ. ಮರಾಠಿ ಮನೆಯ ಮಗಳು, ಗಾಬರಿಯಲ್ಲಿ ಕನ್ನಡ ಬಾಯಿಗೆ ಬರಲಿಲ್ಲ. ಆಮೇಲೆ ತಡವರಿಸುತ್ತ, "ಅತ್ತಿಯಾರ ಧ್ವನಿ ಐತಿ ಅದರಾಗ. ಎಲ್ಲಾಕ್ಕೂ ಪೂಜಿ ಆತು, ಅದಕ್ಕೊಂದ ಬ್ಯಾಡೇನ್ರಿ?" ಎಂದರು. ಸಿಟ್ಟಿನಲ್ಲೇ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಟಿಳಕವಾಡಿಗೆ ಹೊರಟೆ.

ಅವತ್ತಿನಿಂದ ವೈನಿ ಅವ್ವನ ಎದುರು ಕೂಡುವುದನ್ನೇ ಬಿಟ್ಟರಂತೆ. ತಾಟು ಇಟ್ಟು ಒಳಗೆ ಹೋಗುವರು. ಸಂಜೆ ಹೊತ್ತು ಅವ್ವ ಬಂದ್ ಇಟ್ಟ ಟಿವಿಯ ಎದುರು ಸುಮ್ಮನೆ ಕೂತಿರುವಳು ಎಂದು ಅಣ್ಣ ಫೋನಿನಲ್ಲಿ ಹೇಳಿದ.

ಟಿಳಕವಾಡಿಯ ರಿಪೇರಿ ಅಂಗಡಿಯವರು ಲ್ಯಾಪ್‌ಟಾಪಿನ ಆಸೆ ಮೊದಲ ದಿನವೇ ಬಿಡಿಸಿದರು. ಡಿಸ್ಕನ್ನು ಬಹಳ ದಿನ ಇಟ್ಟುಕೊಂಡು, ಕಡೆಗೆ ಕರೆದು ಪೆನ್‌ಡ್ರೈವ್ ಕೈಗಿತ್ತರು. "ಒಂದ ತುಣುಕ ಸಿಕ್ಕೇತ್ರಿ ಮ್ಯಾಡಂ. ಉಳದದ್ದು ಹೋತ್ರಿ." ಅಲ್ಲಿ ಕೇಳುವ ಧೈರ್ಯ ನನಗಾಗಲಿಲ್ಲ. ಖಾನಾಪುರದ ಬಸ್ ಹತ್ತಿದೆ.

ಅವ್ವನನ್ನು ಟಿವಿಯ ಎದುರು ಕೂಡಿಸಿ ಪೆನ್‌ಡ್ರೈವ್ ಹಾಕಿದೆ. ವೈನಿ ಅಡಿಗೆಮನೆಯಲ್ಲಿದ್ದರು. ನಾನು ಬಂದದ್ದು ಗೊತ್ತಾಗಿಯೂ ಹೊರಗೆ ಬಂದಿರಲಿಲ್ಲ. ಮದುವೆಯ ಕತೆ ಬರಲಿ, ಹಾಗಲಕಾಯಿಯಾದರೂ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕತೆಯೊಂದೂ ಇರಲಿಲ್ಲ. ಹೇಳುತ್ತ ಹೇಳುತ್ತ ನಡುವೆ ಅವ್ವ ಒಳಗಡೆ ತಿರುಗಿ ಸೊಸೆಯನ್ನು ಕೂಗಿದ ಕೂಗು, ಅಷ್ಟೇ.

"ಏ ಸೂನಬಾಯಿ, ಹಾಲು ಉಕ್ಕಾಕತ್ತಾವ ನೋಡವಾ!"

ಒಳಗೆ ಪಾತ್ರೆ ಸಪ್ಪಳವಾಯಿತು. "ಆಲೇ ಆಯಿ, ಆಲೇ!" ಬಂದೆ ಬಂದೆ ಎಂದು ಮರಾಠಿಯಲ್ಲಿ ಓಗೊಡುತ್ತ ವೈನಿ ಗ್ಯಾಸ್ ಆರಿಸಿ ಓಡಿಬಂದರು, ಒದ್ದೆ ಕೈಯಲ್ಲೇ. ಹೊಸ್ತಿಲಲ್ಲಿ ನಿಂತರು. ಮಾತು ಬಾರದ ಅತ್ತೆಯನ್ನು ನೋಡಿದರು, ಟಿವಿಯನ್ನು ನೋಡಿದರು, ಬಾಯಿಗೆ ಸೆರಗು ಒತ್ತಿಕೊಂಡರು.

ಅವ್ವ ಅವರನ್ನು ಕೈ ಮಾಡಿ ಕರೆದು ಪಕ್ಕದಲ್ಲಿ ಕೂಡಿಸಿಕೊಂಡಳು. ನನ್ನ ಕಡೆ ತಿರುಗಿ, ಮತ್ತೆ ಹಚ್ಚು ಎಂದು ಬೆರಳಿನಿಂದ ತೋರಿಸಿದಳು. ಹಚ್ಚಿದೆ. ಕೂಗು ಬಂತು. ವೈನಿ ಅತ್ತೆಯ ಮುಖವನ್ನೇ ನೋಡುತ್ತ ಮೆಲ್ಲಗೆ, "ಆಲೇ, ಆಯಿ," ಎಂದರು.