ಶನಿವಾರದ ಪೆಡಲು

ಬೆಳಗಿನ ಬಸ್ಸು ನಮ್ಮೂರ ಗೇಟಿಗೆ ಬರುವ ಹೊತ್ತಿಗೆ ಶಾಲೆಯ ಪ್ರಾರ್ಥನೆ ಮುಗಿದಿರುತ್ತಿದ್ದ ದಿನಗಳವು. ಹಂದನಕೆರೆಯ ಹೈಸ್ಕೂಲು ನಮ್ಮೂರಿಂದ ಐದು ಕಿಲೋಮೀಟರು. ಅರ್ಧ ದಾರಿ ತೆಂಗಿನ ತೋಟಗಳ ನಡುವಿನ ಗಾಡಿ ಜಾಡು, ಉಳಿದರ್ಧ ಜಲ್ಲಿ ಎದ್ದ ಟಾರು ರಸ್ತೆ. ಎಂಟನೇ ತರಗತಿಗೆ ಸೇರಿದವರಿಗೆ ಸರ್ಕಾರದಿಂದ ಸೈಕಲ್ ಬರುತ್ತಿತ್ತು. ದಸರಾ ರಜೆ ಮುಗಿದ ವಾರ ನಮ್ಮವೂ ಬಂದವು. ಹುಡುಗಿಯರದೆಲ್ಲ ಒಂದೇ ಬಣ್ಣ, ಒಂದೇ ಎತ್ತರ, ಮುಂದೆ ಒಂದೇ ಥರದ ಬುಟ್ಟಿ. ಶಾಲೆಯ ಹೊಂಗೆಮರದ ಕೆಳಗೆ ಸಾಲಾಗಿ ನಿಲ್ಲಿಸಿದರೆ ಯಾರದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಮೊದಲ ದಿನವೇ ನಾನು ಬೇರೆಯವರ ಸೈಕಲ್ಲನ್ನು ಗೇಟಿನ ತನಕ ತಳ್ಳಿಕೊಂಡು ಹೋಗಿದ್ದೆ.

ಹಾಗಾಗಿ ನನ್ನದನ್ನು ನನ್ನದಾಗಿ ಮಾಡಿಕೊಳ್ಳುವ ಕೆಲಸ ಅಂದು ಸಂಜೆಯೇ ಶುರುವಾಯಿತು. ನನ್ನ ಕಾಲಿಗೆ ಪೆಡಲು ಎಟುಕುತ್ತಿರಲಿಲ್ಲ. ಅಪ್ಪ ಪಂಪ್‌ಸೆಟ್ಟಿನ ಸ್ಪ್ಯಾನರು ತಂದು ಸೀಟನ್ನು ಕೊನೆಯ ತನಕ ಇಳಿಸಿದ. ಬುಟ್ಟಿಯಲ್ಲಿ ಟಿಫನ್ ಡಬ್ಬಿ ಲಟಲಟ ಅನ್ನುತ್ತಿತ್ತೆಂದು ಗೋಣಿ ಮಡಿಸಿ ಹಾಸಿದೆ. ಹಿಂದಿನ ಕ್ಯಾರಿಯರಿಗೆ ತೆಂಗಿನ ನಾರಿನ ಹಗ್ಗ ಸುತ್ತಿದೆ, ಬ್ಯಾಗು ಜಾರದಿರಲೆಂದು. ಪಕ್ಕದ ಹಟ್ಟಿಯ ಮಂಜಿ ನನ್ನ ತರಗತಿಯವಳು, ದಾರಿಯ ಜೊತೆಗಾತಿ. ಅವಳ ಮನೆಯಲ್ಲಿ ಕುರಿ ಸಾಕುತ್ತಿದ್ದರು. ಹಳೇ ಕಂಬಳಿಯ ಎರಡು ತುಂಡು ತಂದು ಒಂದನ್ನು ತನ್ನ ಸೀಟಿಗೆ, ಒಂದನ್ನು ನನ್ನ ಸೀಟಿಗೆ ಹೊಲಿದಳು. ಮೊದಲ ವಾರ ಚುಚ್ಚುತ್ತಿತ್ತು. ಮಳೆಯಲ್ಲಿ ನೆನೆದರೆ ಕುರಿಮಂದೆಯ ವಾಸನೆ ಬರುತ್ತಿತ್ತು. ಆದರೂ ಹೊಂಗೆಮರದ ಕೆಳಗೆ ಎರಡು ಕರಿ ಸೀಟುಗಳು ದೂರದಿಂದಲೇ ಕಾಣುತ್ತಿದ್ದವು.

ಹಿಂದಿನ ಮಡ್‌ಗಾರ್ಡಿನ ಮೇಲೆ ಹೆಸರು ಬರೆಸುವುದೊಂದು ಬಾಕಿ ಇತ್ತು. ಅದಕ್ಕೆ ಅಪ್ಪ ಒಪ್ಪಲಿಲ್ಲ.

"ಸಂಕ್ರಾಂತಿ ಆಗ್ಲಿ, ನೋಡನ. ಅಲ್ಲೀತಂಕ ಹೆಸರು ಗಿಸರು ಬ್ಯಾಡ," ಅಂದ.

ಅಪ್ಪನ ಲೆಕ್ಕ ಬೇರೆ ಇತ್ತು. ಒಂಬತ್ತನೇ ತರಗತಿಗೆ ನನ್ನನ್ನು ತಿಪಟೂರಿನ ಚಿಕ್ಕಮ್ಮನ ಮನೆಗೆ ಕಳಿಸುವ ಮಾತು ಆಗಲೇ ನಡೆದಿತ್ತು. ಶಾಲೆ ಅವರ ಮನೆಯಿಂದ ಎರಡು ಬೀದಿ ಆಚೆ. ಚಿಕ್ಕಮ್ಮನಿಗೆ ಆ ವರ್ಷ ಎರಡನೇ ಕೂಸು ಹುಟ್ಟಿತ್ತು. ನಾನು ಅಲ್ಲಿಗೆ ಹೋದರೆ ಪುಸ್ತಕಕ್ಕಿಂತ ಮೊದಲು ತೊಟ್ಟಿಲ ಹಗ್ಗ ಕೈಗೆ ಬರುತ್ತದೆಂದು ನನಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಅಜ್ಜಿಯೇ ನನ್ನ ಪರವಾಗಿ ವಾದಿಸಿದ್ದು. ಸಂಕ್ರಾಂತಿಯ ತನಕ ನಾನು ತಡವಿಲ್ಲದೆ ಸೈಕಲ್ಲಿನಲ್ಲಿ ಶಾಲೆಗೆ ಹೋಗಿಬಂದರೆ ಹಂದನಕೆರೆಯಲ್ಲೇ ಹತ್ತನೇ ತರಗತಿ ಮುಗಿಸಬಹುದು. ಶಾಲೆಯಿಂದ ದೂರು ಬಂದರೆ ತಿಪಟೂರು. ಅದು ತೀರ್ಮಾನ.

ಅಜ್ಜಿ ತನ್ನ ಮಾತಿನ ಜವಾಬ್ದಾರಿಯನ್ನು ತನಗೆ ತಿಳಿದ ರೀತಿಯಲ್ಲಿ ಹೊತ್ತಳು. ಪ್ರತಿ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಎಣ್ಣೆಯ ಗಿಂಡಿ ಹಿಡಿದು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಎಣ್ಣೆ ಎಂದರೆ ನಮ್ಮ ಮನೆಯಲ್ಲಿ ಒಂದೇ. ಅಟ್ಟದಿಂದ ಇಳಿಸಿದ ಕೊಬ್ಬರಿಯಲ್ಲಿ ಕೌಟು ಬಂದದ್ದನ್ನು, ಅಂದರೆ ಕೆಟ್ಟು ಮಾರಾಟಕ್ಕೆ ಆಗದ್ದನ್ನು, ಮಿಲ್ಲಿಗೆ ಹಾಕಿಸಿ ತಂದ ಎಣ್ಣೆ. ಅದು ತಲೆಗೆ, ಒಡೆದ ಹಿಮ್ಮಡಿಗೆ, ದೀಪಕ್ಕೆ, ಬಾಗಿಲಿನ ತಿರುಗಣಿಗೆ, ಬೀಗಕ್ಕೆ, ಕರುವಿನ ಗಾಯಕ್ಕೆ. ಈಗ ಸೈಕಲ್ಲಿಗೂ. ಬಟ್ಟೆ ಅದ್ದಿ ಹ್ಯಾಂಡಲು, ಬೆಲ್ಲು ಒರೆಸುವಳು. ಚೈನಿಗೆ ಸುರಿಯುವಳು. ಹಿಂದಿನ ಚಕ್ರದ ಹಲ್ಲಿನ ಬಿಲ್ಲೆಯೊಳಗೆ ಬೆರಳಲ್ಲಿ ತೊಟ್ಟು ತೊಟ್ಟಾಗಿ ಬಿಡುವಳು.

"ಕುಡಿಯಲಿ ಬುಡು. ದಿನಾ ಹತ್ತು ಕಿಲೋಮೀಟ್ರು ಓಡುತ್ತೆ, ಪಾಪ," ಅನ್ನುತ್ತಿದ್ದಳು.

ಸಂಜೆ ನಾನು ತೋಟದ ಮೂಲೆಯ ಮೋರಿ ಹತ್ತಿರ ಬೆಲ್ ಒತ್ತುತ್ತಿದ್ದೆ. ಅದು ಕೇಳಿಸಿದರೆ ಅಜ್ಜಿ ಹೆಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ನಾನು ಕಾಲು ತೊಳೆದು ಒಳಗೆ ಬರುವಾಗ ಅದು ಮಗುಚುವ ಹದಕ್ಕೆ ಬಂದಿರುತ್ತಿತ್ತು. ಒಲೆಯಲ್ಲಿ ತೆಂಗಿನ ಚಿಪ್ಪು ಉರಿಯುವ ವಾಸನೆ, ರಾಗಿ ಸುಡುವ ವಾಸನೆ, ಜೊತೆಗೆ ಹುಚ್ಚೆಳ್ಳಿನ ಚಟ್ನಿ. ಎರಡು ತಿಂಗಳು ಹೀಗೆ ಯಾವ ತಂಟೆಯೂ ಇಲ್ಲದೆ ನಡೆಯಿತು.

ಕಾರ್ತಿಕ ಕಳೆದು ಚಳಿ ಶುರುವಾಯಿತು. ಶನಿವಾರ ಬೆಳಗಿನ ಶಾಲೆ, ಏಳು ಗಂಟೆಯೊಳಗೆ ಮನೆ ಬಿಡಬೇಕು. ಅಂಥ ಒಂದು ಶನಿವಾರ ನಾನು ಸೈಕಲ್ ಹತ್ತಿ ಪೆಡಲು ತುಳಿದೆ. ಪೆಡಲು ತಿರುಗಿತು, ಚೈನೂ ತಿರುಗಿತು, ಚಕ್ರ ತಿರುಗಲಿಲ್ಲ. ಗಾಳಿಯಲ್ಲಿ ಕಾಲಾಡಿಸಿದ ಹಾಗೆ. ಚೈನು ಕಳಚಿರಲಿಲ್ಲ, ಏನೂ ಮುರಿದಿರಲಿಲ್ಲ. ಮಂಜಿ ಸ್ವಲ್ಪ ಹೊತ್ತು ಕಾದು ಹೊರಟಳು. ಏರು ದಾರಿಯಲ್ಲಿ ಇಬ್ಬರನ್ನು ಎಳೆಯುವ ಶಕ್ತಿ ಅವಳಿಗಿರಲಿಲ್ಲ. ನಾನು ಸೈಕಲ್ ತಳ್ಳಿಕೊಂಡೇ ಶಾಲೆ ಮುಟ್ಟಿದಾಗ ಮೊದಲ ಪೀರಿಯಡ್ಡು ಮುಗಿದಿತ್ತು. ಗೇಟಿನಲ್ಲಿ ಪಿ.ಟಿ. ಮೇಷ್ಟ್ರು ಹೆಸರು ಬರೆದುಕೊಂಡರು. ಮೂರು ಸಲ ಹೆಸರು ಬಿದ್ದರೆ ಮನೆಯವರನ್ನು ಕರೆಸುವುದು ರೂಢಿ.

ಶಾಲೆ ಬಿಟ್ಟ ಮೇಲೆ ಸೈಕಲ್ಲನ್ನು ಗೌಸಣ್ಣನ ಅಂಗಡಿಗೆ ತಳ್ಳಿದೆ. ಬಸ್‌ಸ್ಟ್ಯಾಂಡಿನ ಪಕ್ಕ ಅವರದೊಂದು ತಗಡಿನ ಸೈಕಲ್ ಶಾಪು. ಅವರು ಹಿಂದಿನ ಚಕ್ರ ಎತ್ತಿ ಪೆಡಲು ತಿರುಗಿಸಿದರು. ಚಕ್ರ ಸೊಗಸಾಗಿ ತಿರುಗಿತು.

"ಎಲ್ಲಮ್ಮ ಕೆಟ್ಟಿರೋದು?"

"ಬೆಳಗ್ಗೆ ಹಿಡೀತಿರಲಿಲ್ಲ ಗೌಸಣ್ಣ."

"ಎಣ್ಣೆ ಬಿಡ್ತಿದೀಯಾ?"

"ಹೂಂ, ವಾರಕ್ಕೊಂದ್ಸಲ."

"ಮತ್ತೇನು. ಯಾವಾಗ ಯಾವಾಗ ಹಿಂಗಾಗುತ್ತೆ ಅಂತ ಬರ್ಕೊಂಡು ಬಾ. ರೋಗ ಕಾಣದೆ ನಾನು ಏನಂತ ಬಿಚ್ಚಲಿ?"

ಯಾವ ಎಣ್ಣೆ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ನನ್ನ ಮಟ್ಟಿಗೆ ಎಣ್ಣೆಯಲ್ಲಿ ಎರಡನೆಯದೊಂದು ಇರಲೇ ಇಲ್ಲ.

ರಫ್ ನೋಟಿನ ಕೊನೇ ಹಾಳೆಯಲ್ಲಿ ಬರೆಯತೊಡಗಿದೆ. ಸೋಮವಾರ, ಎಂಟೂಕಾಲು, ಬಿಸಿಲಿತ್ತು, ಸ್ವಲ್ಪ ಜಾರಿ ಆಮೇಲೆ ಹಿಡಿಯಿತು. ಬುಧವಾರ, ಸರಿ. ಗುರುವಾರ, ಮಂಜು ಬಿದ್ದಿತ್ತು, ಮೋರಿಯ ತನಕ ತಳ್ಳಿದೆ. ಶನಿವಾರ, ಆರೂಮುಕ್ಕಾಲು, ಪೂರಾ ಇಲ್ಲ. ಅಂದು ಮತ್ತೆ ಗೇಟಿನಲ್ಲಿ ಹೆಸರು ಬಿತ್ತು. ಎರಡನೇ ಸಲ.

ಮಂಜಿಗೆ ಇದು ತಮಾಷೆ. "ನಿನ್ ಸೈಕಲ್ಲು ನಮ್ಮ ಗಣಿತದ ಮೇಷ್ಟ್ರಿಗಿಂತ ಸೋಂಬೇರಿ ಕಣೇ. ಹೊತ್ತೇರದೆ ಏಳಲ್ಲ," ಅಂದಳು.

ಅಪ್ಪನಿಗೆ ತಮಾಷೆಯಾಗಿರಲಿಲ್ಲ. ಸಂಜೆ ಅವನೇ ತುಳಿದು ನೋಡಿದ. ಕಣದ ಸುತ್ತ ಎರಡು ಸುತ್ತು ಹಾಕಿ ಇಳಿದು, "ಸೈಕಲ್ಲಿಗೆ ಬೆಳಗ್ಗೆ ಒಂದು ಬುದ್ಧಿ, ಸಂಜೆಗೊಂದು ಬುದ್ಧಿನಾ? ಏಳಕ್ಕೆ ಸೋಮಾರಿತನ ಅಂತ ಹೇಳ್ಬುಡು," ಅಂದ. ನನ್ನ ಹತ್ತಿರ ನೋಟ್‌ಬುಕ್ಕಿತ್ತು, ತೋರಿಸಲಿಲ್ಲ. ನಾನೇ ಬರೆದುಕೊಂಡದ್ದನ್ನು ನನಗೇ ಸಾಕ್ಷಿ ಎಂದು ಯಾರು ಒಪ್ಪುತ್ತಾರೆ?

ಅಜ್ಜಿ ಮಾತ್ರ ಪೂರ್ತಿ ನಂಬಿದಳು. ಅದೇ ಇನ್ನೊಂದು ತೊಂದರೆ. "ಶನಿವಾರವೇ ಕೈಕೊಡುತ್ತೆ ಅಂದ್ರೆ ಇದು ಶನಿ ಕಾಟ ಕಣವ್ವ," ಅಂದವಳು ಮುಂದಿನ ಶುಕ್ರವಾರ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎಣ್ಣೆಯನ್ನೂ ಎರಡರಷ್ಟು ಬಿಟ್ಟಳು. ಹಲ್ಲಿನ ಬಿಲ್ಲೆ ತುಂಬಿ ಅಂಗಳದ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಇಷ್ಟೂ ನಡೆದದ್ದು ನಮ್ಮೆಲ್ಲರ ಕಣ್ಣೆದುರು. ಒಬ್ಬರಿಗೂ ಅನುಮಾನ ಬರಲಿಲ್ಲ. ತೆಂಗಿನ ಸೀಮೆಯಲ್ಲಿ ಹುಟ್ಟಿದವರು ಕೊಬ್ಬರಿ ಎಣ್ಣೆಯ ಮೇಲೆ ತಪ್ಪು ಹೊರಿಸುವುದು ಹೇಗೆ?

ಮಾರನೇ ದಿನ ಶನಿವಾರ. ಅಂದು ತಡವಾದರೆ ಅಪ್ಪನಿಗೆ ಶಾಲೆಯಿಂದ ಕರೆ ಹೋಗುತ್ತಿತ್ತು. ಆರು ಗಂಟೆಗೇ ಎದ್ದು ಪೆಡಲು ಒತ್ತಿ ನೋಡಿದೆ. ಸುಮ್ಮನೆ ತಿರುಗಿತು. ತಳ್ಳಿಕೊಂಡೇ ಹೊರಡಬೇಕೆಂದು ಒಳಗೆ ಬಂದರೆ, ಅಜ್ಜಿ ಜಡೆ ಹಾಕಲು ಬಾಚಣಿಗೆ ಹಿಡಿದು ಕೂತಿದ್ದಳು. ಎಣ್ಣೆಯ ಬಾಟಲಿಯನ್ನು ಅಂಗೈ ಮೇಲೆ ತಲೆಕೆಳಗು ಮಾಡಿದಳು. ಏನೂ ಬೀಳಲಿಲ್ಲ.

"ಹಾಳು ಚಳಿ. ಎಣ್ಣೆ ಹೆಪ್ಪುಗಟ್ಟೈತೆ. ಒಲೆ ಹತ್ರ ಇಟ್ಟು ಬಾ, ಕರಗಲಿ," ಅಂದಳು.

ಬಾಟಲಿಯೊಳಗೆ ಎಣ್ಣೆ ಬೆಳ್ಳಗೆ, ಗಟ್ಟಿಯಾಗಿ, ಮೇಣದ ಹಾಗೆ ನಿಂತಿತ್ತು. ಪ್ರತಿ ಚಳಿಗಾಲದಲ್ಲೂ ನೋಡಿದ್ದೇ. ಆದರೆ ಆ ದಿನ ಅದನ್ನು ಕೈಯಲ್ಲಿ ಹಿಡಿದು ಒಲೆಯ ಮುಂದೆ ನಿಂತವಳಿಗೆ ನೋಟ್‌ಬುಕ್ಕಿನ ಸಾಲುಗಳು ಒಂದೊಂದಾಗಿ ನೆನಪಾದವು. ಬಿಸಿಲಿತ್ತು, ಹಿಡಿಯಿತು. ಮಂಜು ಬಿದ್ದಿತ್ತು, ತಳ್ಳಿದೆ. ಶುಕ್ರವಾರ ಎಣ್ಣೆ, ಶನಿವಾರ ಪೂರಾ ಇಲ್ಲ.

ಬಚ್ಚಲಿಗೆ ಹೋಗಿ ಹಂಡೆಯಿಂದ ಎರಡು ಚೊಂಬು ಬಿಸಿನೀರು ತೋಡಿಕೊಂಡು ಬಂದೆ. ಹಿಂದಿನ ಚಕ್ರದ ಬಿಲ್ಲೆಯ ಮೇಲೆ ನಿಧಾನವಾಗಿ ಹೊಯ್ದೆ. ಹಬೆ ಎದ್ದಿತು, ಕೊಬ್ಬರಿಯ ವಾಸನೆ ಎದ್ದಿತು. ಅಜ್ಜಿ ಬಾಗಿಲಿಗೆ ಬಂದು ನಿಂತಳು.

"ಏನೇ ಗಿರಿಜಿ ಇದು, ಸೈಕಲ್ಲಿಗೆ ಸ್ನಾನ ಮಾಡಿಸ್ತಿದೀಯಾ?"

"ಎಣ್ಣೆ ಹಚ್ಚಿದ ಮೇಲೆ ನೀರು ಹುಯ್ಯಬೇಕಲ್ಲ ಅಜ್ಜಿ."

ಪೆಡಲು ಒತ್ತಿದೆ. ಒಳಗೆ ಟಕ್ಕೆಂದು ಏನೋ ಹಿಡಿದುಕೊಂಡಿತು, ಚಕ್ರ ತಿರುಗಿತು. ಎರಡು ಜಡೆಗೆ ಹೊತ್ತಿಲ್ಲದೆ ಒಂದೇ ಜಡೆಯಲ್ಲಿ, ಎಣ್ಣೆ ಇಲ್ಲದ ತಲೆಯಲ್ಲಿ ಹೊರಟೆ. ಶಾಲೆಯ ಗೇಟಿಗೆ ಬಂದಾಗ ಬೆಲ್ ಹೊಡೆಯುತ್ತಿತ್ತು. ಪಿ.ಟಿ. ಮೇಷ್ಟ್ರು ಕೈಗಡಿಯಾರ ನೋಡಿದರು, ನನ್ನ ತಲೆ ನೋಡಿದರು. "ಹೋಗು," ಅಂದರು.

ಮಧ್ಯಾಹ್ನ ನೋಟಿನ ಹಾಳೆಯನ್ನು ಗೌಸಣ್ಣನ ಮುಂದೆ ಹಿಡಿದು ಎಲ್ಲ ಹೇಳಿದೆ. ಅವರು ಓದಿ, ಬಿಲ್ಲೆಗೆ ಬೆರಳು ಹಚ್ಚಿ ಮೂಸಿ ನೋಡಿದರು. ಬಹಳ ಹೊತ್ತು ನಕ್ಕರು.

"ಇದ್ರೊಳಗೆ ಉಗುರಿನಷ್ಟು ಎರಡು ಚಿಲಕ ಇರ್ತವೆ ಕಣಮ್ಮ. ಅವು ಎದ್ದು ಹಲ್ಲಿಗೆ ಕಚ್ಕೊಂಡ್ರೇನೇ ಚಕ್ರ ಓಡೋದು. ನಿಮ್ಮಜ್ಜಿ ಎಣ್ಣೆ ಚಳೀಲಿ ಗಟ್ಟಿಯಾಗಿ ಅವನ್ನ ಮಲಗಿಸಿಬುಟ್ಟೈತೆ. ಎಣ್ಣೆ ಅಂದಾಗ ನಾನೇ ಯಾವ್ದು ಅಂತ ಕೇಳಬೇಕಿತ್ತು."

ಬಿಲ್ಲೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮೆಷಿನ್ ಎಣ್ಣೆ ಬಿಟ್ಟು, ಉಳಿದದ್ದನ್ನು ಒಂದು ಔಷಧಿ ಬಾಟಲಿಗೆ ಹಾಕಿ ಕೊಟ್ಟರು.

ದಾರಿಯುದ್ದಕ್ಕೂ ನನಗೆ ಚಿಂತೆ ಇದ್ದದ್ದು ಅಜ್ಜಿಯದು. ನನ್ನನ್ನು ಊರಲ್ಲಿ ಉಳಿಸಿಕೊಳ್ಳಲು ಹೋದವಳೇ ವಾರವಾರ ನನ್ನನ್ನು ತಿಪಟೂರಿನ ಕಡೆ ತಳ್ಳುತ್ತಿದ್ದಳೆಂದು ಹೇಗೆ ಹೇಳುವುದು? ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವಳು ಔಷಧಿ ಬಾಟಲಿಯ ಮುಚ್ಚಳ ತೆಗೆದು ಮೂಸಿ ಮುಖ ಕಿವುಚಿದಳು.

"ಥೂ, ಲಾರಿ ವಾಸನೆ. ಅಲ್ಲ ಕಣೇ, ನಂದೇ ತಪ್ಪು ಅಂತ ಮೊದ್ಲೇ ಗೊತ್ತಾಗಿದ್ರೆ ಮೆಣಸಿನಕಾಯಾದ್ರೂ ಉಳೀತಿತ್ತು. ಸುಮ್ಮನೆ ಶನಿಮಹಾತ್ಮನ್ನ ಬೈಕೊಂಡು ಕೂತಿದ್ದೆ."

ನಕ್ಕಳು. ಆದರೆ ಗಿಂಡಿಯನ್ನು ಒಳಗೆ ತೆಗೆದುಕೊಂಡು ಹೋದವಳು ಮುಂದಿನ ಶುಕ್ರವಾರ ಸೈಕಲ್ಲಿನ ಹತ್ತಿರ ಬರಲಿಲ್ಲ. ದೀಪ ಹಚ್ಚಿ ಜಗಲಿಯ ಮೇಲೆ ಕೂತಳು, ಕೈ ಎರಡೂ ತೊಡೆಯ ಮೇಲೆ. ನಾನೇ ಗಿಂಡಿ ತಂದು ಅವಳ ಮುಂದಿಟ್ಟೆ.

"ಗಾಲಿ ಒಳಗೆ ಗೌಸಣ್ಣಂದು. ಹೊರಗೆಲ್ಲ ನಿಂದು ಅಜ್ಜಿ. ಹ್ಯಾಂಡಲು, ಬೆಲ್ಲು."

ಅವಳು ಬಟ್ಟೆ ಅದ್ದಿದಳು.

ಸಂಕ್ರಾಂತಿಯ ತನಕ ನನ್ನ ಹೆಸರು ಗೇಟಿನಲ್ಲಿ ಮತ್ತೆ ಬೀಳಲಿಲ್ಲ. ಹಬ್ಬದ ದಿನ ಅಪ್ಪ ದನಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿದ. ತಿಪಟೂರಿನ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಳ್ಳುಬೆಲ್ಲ ಬೀರಿ ವಾಪಸು ಬಂದಾಗ ಅವನು ಸೈಕಲ್ಲಿನ ಹಿಂದೆ ಕೂತಿದ್ದ. ಮಡ್‌ಗಾರ್ಡಿನ ಮೇಲೆ, ಕೊಂಬಿಗೆ ಬಳಿದು ಉಳಿದ ಹಳದಿ ಬಣ್ಣದಲ್ಲಿ, 'ಗಿರಿಜಾ' ಎಂದು ಬರೆದು ಮುಗಿಸುತ್ತಿದ್ದ. ಜಾಗ ಸಾಲದೆ 'ಜಾ' ಪಕ್ಕಕ್ಕೆ ವಾಲಿತ್ತು.

ಈಗ ನಾನು ತಿಪಟೂರಿನಲ್ಲೇ ಇದ್ದೇನೆ, ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗುತ್ತೇನೆ. ಮೂರು ತಿಂಗಳಿಗೊಮ್ಮೆ ಅದನ್ನು ಸರ್ವೀಸಿಗೆ ಬಿಟ್ಟು ಬರುತ್ತೇನೆ. ಅದರ ಯಾವ ಭಾಗಕ್ಕೆ ಯಾವ ಎಣ್ಣೆ ಬಿಡುತ್ತಾರೆಂದು ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಅದೇ ಬಣ್ಣದ ಸ್ಕೂಟರುಗಳು ಕಚೇರಿಯ ಮುಂದೆ ಇನ್ನೂ ನಾಲ್ಕಿವೆ. ನಂಬರು ನೋಡಿ ನನ್ನದನ್ನು ಗುರುತಿಸುತ್ತೇನೆ.

ಅಜ್ಜಿ ತೀರಿಕೊಂಡು ಆರು ವರ್ಷವಾಯಿತು. ಕಳೆದ ಚಳಿಗಾಲ ಊರಿಗೆ ಹೋದಾಗ ನನ್ನ ತಮ್ಮ ಅಟ್ಟ ಖಾಲಿ ಮಾಡಿಸುತ್ತಿದ್ದ, ಸೈಕಲ್ಲನ್ನು ಕೆಳಗಿಳಿಸಿದ. ಚೈನು ತುಕ್ಕು ಹಿಡಿದು ಕಂಬಿಯಂತಾಗಿತ್ತು. ಕಂಬಳಿಯನ್ನು ಇಲಿ ತಿಂದಿತ್ತು. ಹಳದಿ ಹೆಸರಿನಲ್ಲಿ ವಾಲಿದ 'ಜಾ' ಒಂದೇ ಉಳಿದಿತ್ತು. ಹ್ಯಾಂಡಲಿನ ದೂಳನ್ನು ಹೆಬ್ಬೆರಳಿನಿಂದ ಉಜ್ಜಿದೆ. ಕೆಳಗೆ ಹೊಳಪಿತ್ತು, ತುಕ್ಕಿರಲಿಲ್ಲ. ಬೆಲ್ಲಿನ ಸನ್ನೆ ಒತ್ತಿದೆ. ಅಲುಗಲಿಲ್ಲ. ಬೆಳಗಿನ ಏಳು ಗಂಟೆ, ಚಳಿ ಚೆನ್ನಾಗಿತ್ತು. ಸಂದಿಯಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ನಿಂತಿತ್ತು.

ಸೈಕಲ್ಲನ್ನು ಕಣದ ಬಿಸಿಲಿಗೆ ಇಟ್ಟು ಕಾದೆ. ಹತ್ತು ಗಂಟೆಯ ಮೇಲೆ ಒತ್ತಿದಾಗ ಸನ್ನೆ ಮೆತ್ತಗೆ ಜಾರಿತು, ಬೆಲ್ ಹೊಡೆಯಿತು. ಕೌಟು ಕೊಬ್ಬರಿಯ ವಾಸನೆ ಬೆರಳಿಗೆ ಹತ್ತಿತು.

ಒಳಗಿನಿಂದ ತಮ್ಮನ ಹೆಂಡತಿಯ ದನಿ ಕೇಳಿತು. "ಯಾರೋ ಬಂದವ್ರೆ ನೋಡ್ರೀ."

ಅಜ್ಜಿ ಇದ್ದಾಗ ಆ ಬೆಲ್ ಕೇಳಿ ಯಾರು ಎಂದು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಹೆಂಚಿನ ಮೇಲೆ ರೊಟ್ಟಿ ಬೀಳುತ್ತಿತ್ತು, ಅಷ್ಟೆ.